ಸದ್ದು ಮಾಡದ ಸಂದು

ಶಕ್ತಿಯನ್ನು ಸೃಷ್ಟಿಸಲಾಗದು, ನಾಶಪಡಿಸಲಾಗದು. ಅದು ಒಂದು ರೂಪದಿಂದ ಇನ್ನೊಂದು ರೂಪಕ್ಕೆ ಬದಲಾಗುತ್ತದೆ, ಅಷ್ಟೇ. ಗ್ರಹನಕ್ಷತ್ರಗಳು ಸಹ ತಲೆಬಾಗುವ ಈ ನಿಯಮವನ್ನು ನಾನು ಸೇವೆಯಲ್ಲಿದ್ದಷ್ಟು ಕಾಲವೂ ಕರಿಹಲಗೆಯ ಮೇಲೆ ಬರೆದಿದ್ದೇನೆ. ನಮ್ಮ ಕಾಲೇಜಿನಲ್ಲಿ ಅದು ಹೆಚ್ಚಾಗಿ ಸಂಚಾಲಕರ ಭಾಷಣದ ರೂಪಕ್ಕೆ ಬದಲಾಗುತ್ತಿತ್ತು.

ನಾನು ಬಂಟ್ವಾಳದವನು. ನಮ್ಮದು ಕರಾವಳಿಯ ಮುಸ್ಲಿಮರಾದ ಬ್ಯಾರಿಗಳ ಕುಟುಂಬ. ಅಣ್ಣತಮ್ಮಂದಿರಲ್ಲಿ ಕೆಲವರು ಅಂಗಡಿಗೆ, ಕೆಲವರು ಗಲ್ಫಿಗೆ ಹೋದಾಗ ನಾನು ಭೌತಶಾಸ್ತ್ರಕ್ಕೆ ಹೋದೆ. ಮನೆಯವರು ಅದನ್ನೊಂದು ಕಾಯಿಲೆ ಎಂದು ತಿಳಿದು, ಬೈಯದೆ, ವಾಸಿಯಾಗುವುದನ್ನು ಕಾದರು. ವಾಸಿಯಾಗಲಿಲ್ಲ. ಬಂಟ್ವಾಳದಿಂದ ಬೆಳ್ತಂಗಡಿಗೆ ಹೋಗುವ ರಸ್ತೆಯಿಂದ ತುಸು ಒಳಗಿದ್ದ ಒಂದು ಖಾಸಗಿ ಕಾಲೇಜಿಗೆ ಉಪನ್ಯಾಸಕನಾಗಿ ಸೇರಿ, ಅಲ್ಲಿಂದಲೇ ನಿವೃತ್ತನಾದೆ. ಕಾಲೇಜಿನ ಹೆಸರು ಬೇಡ. ಗೊತ್ತಿದ್ದವರಿಗೆ ಗೊತ್ತುಂಟು.

ಈಗ ಪ್ರಯೋಗಾಲಯದ ಕೆಲಸಕ್ಕೆ ಸೇರುವ ಹುಡುಗ ಹುಡುಗಿಯರು ನನ್ನನ್ನು ಹುಡುಕಿಕೊಂಡು ಬರುವುದು ಟೆಸ್ಲಾ ಕಾಯಿಲ್ ವಿಷಯ ಕೇಳಲು. ಮೊಬೈಲಿನಲ್ಲಿ ನೋಡಿರುತ್ತಾರೆ: ಎತ್ತರದ ಕೊಳವೆ, ತುದಿಯಿಂದ ನೇರಳೆ ಮಿಂಚು, ಸುತ್ತ ನಿಂತವರ ಉದ್ಗಾರ. ನಾವೂ ಒಂದು ಮಾಡುವ ಸಾರ್ ಎನ್ನುತ್ತಾರೆ. ಮಾಡಿ ಎನ್ನುತ್ತೇನೆ. ಆದರೆ ಅದಕ್ಕೆ ಮೊದಲು ಈ ಕೆಲಸ ನಿಜವಾಗಿ ಹೇಗಿರುತ್ತದೆ ಎಂದು ಬರೆದಿಡಬೇಕು ಅನಿಸಿತು. ಬಡ್ತಿ, ಸನ್ಮಾನ, ಶಾಲು, ಹಣ್ಣಿನ ಬುಟ್ಟಿ ಇವನ್ನೆಲ್ಲ ಬಿಟ್ಟಿದ್ದೇನೆ. ಹಣ್ಣು ಆಗಲೇ ತಿಂದಾಗಿದೆ. ಇದು ಮುಖ್ಯವಾಗಿ ನಮ್ಮ ಅಟೆಂಡರ್ ದೇಜಪ್ಪನ ಬಲಗೈಯ ಮತ್ತು ಅವನ ನೌಕರಿಯ ವಿಷಯ. ನೌಕರಿ ಏನಾಯಿತು ಎಂಬುದು ಕೊನೆಯಲ್ಲಿ ಬರುತ್ತದೆ. ಕೈ ಕೆಲಸಕ್ಕೆ ಉಳಿಯಲಿಲ್ಲ ಎಂಬುದನ್ನು ಮಾತ್ರ ಈಗಲೇ ಹೇಳಿಬಿಡುತ್ತೇನೆ. ಸುಮ್ಮನೆ ಆಸೆ ಇಟ್ಟುಕೊಂಡು ಓದುವುದು ಬೇಡ.

ಕಾಯಿಲ್ ಕಟ್ಟುವ ಯೋಚನೆ ನನ್ನದಲ್ಲ, ಆಗ ವಿಭಾಗದ ಮುಖ್ಯಸ್ಥರಾಗಿದ್ದ ಭಟ್ಟರದು. ಭಟ್ಟರು ಮಿತಭಾಷಿ. ತರಗತಿಯಲ್ಲಿಯೂ ಮಿತಭಾಷಿಗಳಾಗಿದ್ದುದರಿಂದ ವಿದ್ಯಾರ್ಥಿಗಳು ಸ್ವಂತ ಓದಿನಿಂದ ಮುಂದೆ ಬಂದರು. ಮೂಡುಬಿದಿರೆಯ ಒಂದು ಜವಳಿ ಅಂಗಡಿಯವರು ನಿಯಾನ್ ದೀಪದ ಹಳೆಯ ಬೋರ್ಡನ್ನು ಇಳಿಸಿ ಎಲ್‌ಇಡಿ ಹಾಕಿಸಿದಾಗ, ಒಳಗಿದ್ದ ಟ್ರಾನ್ಸ್‌ಫಾರ್ಮರನ್ನು ಭಟ್ಟರು ಕೇಳಿ ತಂದರು. ಗೋಡೆಯ ಕರೆಂಟನ್ನು ಹತ್ತು ಸಾವಿರ ವೋಲ್ಟಿಗೆ ಏರಿಸುವ ವಸ್ತು ಅದು. ಅದನ್ನು ಮೇಜಿನ ಮೇಲಿಟ್ಟು, ಇದು ಸಾಯಿಸುತ್ತದೆ, ಉಳಿದದ್ದೆಲ್ಲ ಆಟ ಎಂದರು. ಆ ವಾರ ಅವರು ಆಡಿದ ಅತಿ ಉದ್ದದ ಮಾತು ಅದೇ.

ತಾಮ್ರದ ಕೊಳವೆ ಫ್ರಿಜ್ ರಿಪೇರಿಯವರಿಂದ ಬಂತು. ತೆಳು ತಂತಿಯನ್ನು ಪಂಪಿನ ಮೋಟಾರ್ ಕಟ್ಟುವವರು ಕೊಟ್ಟರು. ಕೆಪಾಸಿಟರ್ ಮಾತ್ರ ಕೊಂಡುಕೊಳ್ಳುವ ಹಾಗಿರಲಿಲ್ಲ. ಉಪ್ಪುನೀರು ತುಂಬಿದ ಗಾಜಿನ ಬಾಟಲಿಗಳಿಂದ ಮಾಡಬೇಕು. ದಪ್ಪ ಗಾಜು, ಒಂದೇ ಅಳತೆ, ಬೇಕಾದಷ್ಟು ಸಿಗಬೇಕು. ಅಂಥ ಬಾಟಲಿ ಲೋಕದಲ್ಲಿ ಒಂದೇ ಜಾತಿಯದ್ದು. ಮೂಡುಬಿದಿರೆಯ ಗುಜರಿ ಅಂಗಡಿಯಿಂದ ಒಂದು ಚೀಲ ಖಾಲಿ ಬಿಯರ್ ಬಾಟಲಿ ಹೊತ್ತು ನಾನು ಸಿದ್ಧಕಟ್ಟೆಯ ಮೇಲೆ ಬರುವ ಬಸ್ಸು ಹತ್ತಿದೆ. ರಸ್ತೆಯ ಹೊಂಡಗಳು ಚೀಲದಲ್ಲಿ ಏನುಂಟು ಎಂದು ಇಡೀ ಬಸ್ಸಿಗೆ ಸಾರುತ್ತಾ ಬಂದವು. ಮುಂದಿನ ಸೀಟಿನಲ್ಲಿ ನಮ್ಮ ಜಮಾಅತಿನ ಹಿರಿಯರೊಬ್ಬರು. ತಿರುಗಿ ಚೀಲ ನೋಡಿದರು, ನನ್ನನ್ನು ನೋಡಿದರು. ಕಾಲೇಜಿಗೆ ಎಂದೆ.

“ಕಾಲೇಜಿನಲ್ಲಿ ಈಗ ಇದನ್ನೂ ಕಲಿಸ್ತಾರಾ ಮಾಸ್ಟ್ರೇ?” ಎಂದರು ಅವರು, ಬಹಳ ಮರ್ಯಾದೆಯಿಂದ.

ಇನ್ನು ಯಂತ್ರದ ವಿಷಯ. ಟ್ರಾನ್ಸ್‌ಫಾರ್ಮರು ಬಾಟಲಿಗಳಲ್ಲಿ ವಿದ್ಯುತ್ತನ್ನು ತುಂಬಿಸುತ್ತದೆ. ತುಂಬಿ ತುಳುಕುವ ಹೊತ್ತಿಗೆ ಅದು ಎರಡು ಲೋಹದ ತುದಿಗಳ ನಡುವಿನ ಸಂದಿನಲ್ಲಿ ಕಿಡಿಯಾಗಿ ಹಾರುತ್ತದೆ. ಇದೇ ಸ್ಪಾರ್ಕ್ ಗ್ಯಾಪ್. ನಾವು ಸಂದು ಎನ್ನುತ್ತಿದ್ದೆವು. ಕಿಡಿ ಹಾರಿದೊಡನೆ ದಾರಿ ಕೂಡಿ, ಶಕ್ತಿ ಕೆಳಗಿನ ದಪ್ಪ ಸುರುಳಿಯಿಂದ ಮೇಲಿನ ಎತ್ತರದ ಸುರುಳಿಗೆ ದಾಟಿ, ತುದಿಯಲ್ಲಿ ಮಿಂಚಾಗಿ ಹೊರಬೀಳುತ್ತದೆ. ಜನ ಮೇಲೆ ನೋಡುತ್ತಾರೆ. ನಮ್ಮ ಕೆಲಸವೆಲ್ಲ ಕೆಳಗೆ, ಆ ಸಂದಿನಲ್ಲಿ.

ಸಂದು ಎಂದರೆ ಒಂದು ಸ್ವಿಚ್ಚು, ಅಷ್ಟೇ. ಹೊತ್ತಿಕೊಳ್ಳಬೇಕಾದಾಗ ಹೊತ್ತಿಕೊಳ್ಳಬೇಕು, ಆರಬೇಕಾದಾಗ ಆರಬೇಕು. ಮೊದಮೊದಲು ನಾವು ಎರಡು ಕಬ್ಬಿಣದ ಬೋಲ್ಟುಗಳನ್ನು ಎದುರುಬದುರು ಇಟ್ಟೆವು. ಹೊತ್ತಿಕೊಳ್ಳುವುದು ಚೆನ್ನಾಗಿ ಹೊತ್ತಿಕೊಂಡಿತು, ಆರಲಿಲ್ಲ. ಹೊರಟೆ ಎಂದು ಎದ್ದು, ಚಪ್ಪಲಿ ಮೆಟ್ಟಿ, ಮೆಟ್ಟಿಲಲ್ಲಿ ನಿಂತು ಮತ್ತೊಂದು ಗಂಟೆ ಮಾತಾಡುವ ನೆಂಟರಿರುತ್ತಾರಲ್ಲ, ಅದೇ ಜಾತಿಯ ಕಿಡಿ. ಮೇಲಿನ ಸುರುಳಿಗೆ ದಾಟಿದ ಶಕ್ತಿ, ಬಾಗಿಲು ಇನ್ನೂ ತೆರೆದೇ ಉಂಟು ಎಂದು ತಿಳಿದು ಕೆಳಗೆ ವಾಪಸು ಬರುತ್ತದೆ. ಬಂದದ್ದು ಸಂದಿನಲ್ಲೇ ಬಿಸಿಯಾಗಿ, ಬೆಳಕಾಗಿ, ಸದ್ದಾಗಿ ಸುಟ್ಟುಹೋಗುತ್ತದೆ. ಬೋಲ್ಟಿನ ತುದಿ ಕೆಂಪಗೆ ಕಾದು, ನಡುವೆ ಹಳದಿ ಜ್ವಾಲೆಯೊಂದು ಕಮಾನು ಕಟ್ಟಿ ನಿಂತಿತು. ಮೇಲೆ ತುದಿಯಲ್ಲಿ ಮಿಂಚು ಹೋಗಲಿ, ಮಿಣುಕೂ ಇಲ್ಲ.

ಭಟ್ಟರು ಬಗ್ಗಿ ನೋಡಿದರು. “ಇದು ಟೆಸ್ಲಾ ಕಾಯಿಲ್ ಅಲ್ಲ ಮಾರಾಯ್ರೆ, ವೆಲ್ಡಿಂಗ್ ಶಾಪು,” ಎಂದರು.

ಬೋಲ್ಟಿನ ಜಾಗಕ್ಕೆ ಹಳೆಯ ಮಂಚದಿಂದ ಬಿಚ್ಚಿದ ಹಿತ್ತಾಳೆಯ ಎರಡು ಗುಂಡುಗಳು ಬಂದವು. ಅವು ದಪ್ಪವಾಗಿದ್ದುದರಿಂದ ಅಷ್ಟು ಬೇಗ ಕಾಯಲಿಲ್ಲ. ಬಿಳಿನೀಲಿ ಬಣ್ಣದ ಕಿಡಿ ಕಿವಿ ಗಡಚಿಕ್ಕುವಂತೆ ಹಾರಿತು, ಮೇಲೆ ಗೇಣುದ್ದದ ಮಿಂಚು ಬಂತು. ಇದನ್ನು ನೆನಪಿಟ್ಟುಕೊಳ್ಳಿ: ಬಿಳಿನೀಲಿಯಾಗಿ ಚಟಚಟನೆ ಹಾರುವುದು ಆರೋಗ್ಯ, ಹಳದಿಯಾಗಿ ಕಮಾನು ಕಟ್ಟುವುದು ರೋಗ. ಕಾಯಿಲ್ ಓಡುತ್ತಿರುವಾಗ ಮೀಟರು ಹತ್ತಿರ ತಂದರೆ ಮೀಟರೇ ಸಾಯುತ್ತಿತ್ತು. ಹಾಗಾಗಿ ನಮ್ಮ ಪರೀಕ್ಷೆಯೆಲ್ಲ ಕಣ್ಣಿನಿಂದ ಮತ್ತು ಕಿವಿಯಿಂದ. ಹೆಚ್ಚಾಗಿ ಕಿವಿಯಿಂದ.

ದೇಜಪ್ಪ ಸೇರಿದ್ದು ಆ ಕಾಲಕ್ಕೆ. ಬೆಳ್ತಂಗಡಿಯಿಂದ ಆಚೆ ಘಟ್ಟದ ಬುಡದ ಊರಿನವನು. ಅವರ ಮನೆತನಕ್ಕೆ ಊರಿನ ದೈವದ ನೇಮೋತ್ಸವಕ್ಕೆ ಗರ್ನಾಲು ಇಡುವ ಹಕ್ಕಿತ್ತು. ಗರ್ನಾಲು ಎಂದರೆ ನಮ್ಮ ಜಿಲ್ಲೆಯಲ್ಲಿ ನೇಮಕ್ಕೂ ಜಾತ್ರೆಗೂ ಹೊಡೆಸುವ, ಎದೆಗೆ ಬಂದು ಬಡಿಯುವ ಸದ್ದಿನ ಪಟಾಕಿ. ಅಷ್ಟು ದೊಡ್ಡ ಸದ್ದಿನ ನಡುವೆ ಬೆಳೆದವನು ಮಾತು ಮಾತ್ರ ಬಹಳ ಮೆತ್ತಗೆ ಆಡುತ್ತಿದ್ದ. ಬೀಕರು ತೊಳೆಯುವುದು, ಬ್ಯಾಟರಿಗೆ ನೀರು ಹಾಕುವುದು ಅವನ ಕೆಲಸ. ಕಾಯಿಲ್ ಹತ್ತಿರ ಅವನನ್ನು ಯಾರೂ ಕರೆದಿರಲಿಲ್ಲ, ತಾನಾಗಿ ಬಂದು ನಿಂತ. ನಮ್ಮಿಬ್ಬರ ಮಾತೆಲ್ಲ ತುಳುವಿನಲ್ಲಿ. ಇಲ್ಲಿ ಕನ್ನಡ ಮಾಡಿ ಬರೆಯುತ್ತಿದ್ದೇನೆ.

ಭಟ್ಟರು ನಮ್ಮಿಬ್ಬರಿಗೂ ಎರಡು ನಿಯಮ ಹಾಕಿದ್ದರು. ಒಂದು, ಸಂದಿಗೆ ಕೈ ಹಾಕುವವನ ಕಿಸೆಯಲ್ಲಿ ಪ್ಲಗ್ ಇರಬೇಕು. ಸ್ವಿಚ್ಚು ಆಫ್ ಮಾಡಿದೆ ಎಂದರೆ ಸಾಲದು, ಯಾರೋ ಆಫ್ ಮಾಡಿದರು ಎಂದರೆ ಸಾಲದೇ ಸಾಲದು. ಅದಕ್ಕೆಂದೇ ಗೋಡೆಯಿಂದ ಕಾಯಿಲಿನವರೆಗಿನ ವಯರನ್ನು ಎರಡೂ ಕಡೆ ಕಳಚಿ ಬರುವಂತೆ ಮಾಡಿಸಿದ್ದರು. ಇನ್ನೊಂದು, ಕೈ ಹಾಕುವಾಗ ಎಡಗೈ ಬೆನ್ನ ಹಿಂದೆ. ಎರಡೂ ಕೈ ಮುಂದಿದ್ದರೆ ಕರೆಂಟು ಒಂದರಿಂದ ಹತ್ತಿ, ಎದೆಯನ್ನು ಹಾದು, ಇನ್ನೊಂದರಿಂದ ಇಳಿಯುತ್ತದೆ. ದೇಜಪ್ಪನಿಗೆ ಎರಡನೆಯದು ಹೇಳಿಕೊಡಬೇಕಾಗಲಿಲ್ಲ. ಹಿರಿಯರಿಗೆ ಎಡಗೈಯಲ್ಲಿ ಏನನ್ನೂ ಕೊಡದ ಮನೆಯಲ್ಲಿ ಬೆಳೆದ ಅವನ ಎಡಗೈ ತನ್ನಷ್ಟಕ್ಕೇ ಹಿಂದೆ ಹೋಗುತ್ತಿತ್ತು. ಮೊದಲನೆಯದನ್ನೂ ಅವನು ಪಾಲಿಸಿದ್ದೆಷ್ಟೆಂದರೆ, ಒಮ್ಮೆ ಆ ವಯರನ್ನು ಕಿಸೆಯಲ್ಲಿಟ್ಟುಕೊಂಡು ಮನೆಗೆ ಹೋಗಿ ಮರುದಿನ ನಮ್ಮ ತರಗತಿಯನ್ನೇ ನಿಲ್ಲಿಸಿದ್ದ.

ಭಟ್ಟರು ನಿವೃತ್ತರಾದರು, ಕೆಲವು ವರ್ಷಗಳಲ್ಲಿ ತೀರಿಕೊಂಡರು. ವಿಭಾಗ ನನ್ನ ಕೈಗೆ ಬಂತು. ನಾನು ಸಂದನ್ನು ಸುಧಾರಿಸಲು ಕೂತೆ. ಒಂದು ದೊಡ್ಡ ಸಂದಿನ ಬದಲು, ತಾಮ್ರದ ಕೊಳವೆಯ ತುಂಡುಗಳನ್ನು ಸಾಲಾಗಿ ಜೋಡಿಸಿ ಹಲವು ಸಣ್ಣ ಸಂದುಗಳನ್ನು ಮಾಡಿದೆ. ಹಿಂದಿನಿಂದ ಒಂದು ಫ್ಯಾನು ಗಾಳಿ ಊದುತ್ತಿತ್ತು. ಕಿಡಿ ಪ್ರತಿ ಸಂದಿನಲ್ಲೂ ತಣ್ಣನೆಯ ತಾಮ್ರಕ್ಕೆ ತಾಗಿ, ಗಾಳಿಗೆ ಸಿಕ್ಕಿ, ಬೇಗ ಆರಿತು. ಬೇಗ ಆರಿದ್ದರಿಂದ ಮೇಲೆ ಹೋದ ಶಕ್ತಿ ಕೆಳಗೆ ಬರಲಿಲ್ಲ. ಸದ್ದು ಅರ್ಧಕ್ಕೆ ಇಳಿಯಿತು, ಮಿಂಚು ಗೇಣಿನಿಂದ ಮೊಳಕ್ಕೆ ಬೆಳೆಯಿತು. ನನ್ನ ವೃತ್ತಿಜೀವನದಲ್ಲಿ ನಾನು ಸಾಧಿಸಿದ್ದು ಏನಾದರೂ ಉಂಟೆಂದರೆ ಆ ಒಂದು ಮೊಳ.

ಅದನ್ನು ಉಜಿರೆಯಲ್ಲಿ ನಡೆದ ಒಂದು ವಿಜ್ಞಾನ ಪ್ರದರ್ಶನಕ್ಕೆ ಒಯ್ದೆವು. ಕಾಯಿಲ್ ಚಾಲೂ ಮಾಡಿದೊಡನೆ ಪಕ್ಕದ ಸಭಾಂಗಣದ ಮೈಕು ಗೊರಗೊರ ಎಂದು ಸತ್ತಿತು. ಅಲ್ಲಿ ಒಬ್ಬರು ವಿಜ್ಞಾನ ಮತ್ತು ಮೌಲ್ಯಗಳು ಎಂಬ ವಿಷಯದ ಮೇಲೆ ಬಹಳ ಹೊತ್ತಿನಿಂದ ಮಾತನಾಡುತ್ತಿದ್ದರಂತೆ. ಹೊರಗೆ ಬಂದ ಕೆಲವು ಶಿಕ್ಷಕರು ನಮ್ಮ ಕೈಕುಲುಕಿ ಹೋದರು.

ಆ ವರ್ಷದ ನಮ್ಮ ಕಾಲೇಜಿನ ಪ್ರದರ್ಶನಕ್ಕೆ ಆಡಳಿತ ಮಂಡಳಿಯ ಸಂಚಾಲಕರು ಬಂದರು. ಬಿಳಿ ಅಂಗಿ, ಬಿಳಿ ಪಂಚೆ, ಎಲ್ಲರನ್ನೂ ಹೆಸರು ಹಿಡಿದು ಕರೆಯುವ ಮನುಷ್ಯ. ಕಾಲೇಜಿನ ದೇಣಿಗೆಗಾಗಿ ಊರೂರು ತಿರುಗಿದ್ದರು. ಮೊಳದುದ್ದದ ಮಿಂಚನ್ನು ಅವರು ನೋಡಿದರು, ಆದರೆ ಕೇಳಲು ಬಂದಿದ್ದರು.

“ಎಂತ ಮಾಸ್ಟ್ರೇ, ಹೋದ ವರ್ಷ ಗರ್ನಾಲಿನ ಹಾಗೆ ಇತ್ತು. ಈ ವರ್ಷ ಚಕ್ಕುಲಿ ಕರಿದ ಹಾಗೆ ಉಂಟಲ್ಲ!”

ನಾನು ಶಕ್ತಿನಷ್ಟದ ಲೆಕ್ಕವನ್ನು ಅವರಿಗೆ ವಿವರಿಸಿದೆ. ಸಂದಿನಲ್ಲಿ ಆಗುವ ಸದ್ದೆಲ್ಲ ಮಿಂಚಿನ ಪಾಲಿನಿಂದ ಕದ್ದದ್ದು ಎಂದೆ. ಅವರು ಗಂಭೀರವಾಗಿ ಕೇಳಿ, ಸದ್ದಿಲ್ಲದಿದ್ದರೆ ಜನ ಬರುವುದಿಲ್ಲ ಎಂದರು. ಅದೂ ಒಂದು ಬಗೆಯ ಶಕ್ತಿನಷ್ಟವೇ ಎಂದು ನಾನು ಒಪ್ಪಿ, ಒಂದು ಏರ್ಪಾಡು ಮಾಡಿದೆ. ಮಿಂಚಿಗೆ ತಾಮ್ರದ ಸಂದು. ಸಂಚಾಲಕರು ಬಂದಾಗ ಹಿತ್ತಾಳೆ ಗುಂಡಿನ ಸಂದು. ಗುಂಡುಗಳ ನಡುವಿನ ಅಂತರವನ್ನು ನಾನೇ ನಿಗದಿ ಮಾಡಿ, ಯಾರೂ ತಿರುಗಿಸಬಾರದೆಂದು ನಟ್ಟಿನ ಮೇಲೂ ಅದು ಕೂತ ಸರಳಿನ ಮೇಲೂ ಸೇರಿಸಿ ಕೆಂಪು ಬಣ್ಣ ಬಳಿದೆ. ಸಮಾರಂಭದ ಬೆಳಿಗ್ಗೆ ದೇಜಪ್ಪ ಸಭಾಂಗಣದ ಕಾಲುದೀಪವನ್ನು ಹುಣಸೆಹುಳಿ ಹಾಕಿ ತಿಕ್ಕುವಾಗ, ಅದೇ ಹುಳಿಯಲ್ಲಿ ಈ ಗುಂಡುಗಳನ್ನೂ ತಿಕ್ಕಿ ಫಳಫಳ ಮಾಡುತ್ತಿದ್ದ. ಹಿತ್ತಾಳೆ ಎಂದ ಮೇಲೆ ಅತಿಥಿಗಳ ಮುಂದೆ ಕಪ್ಪಾಗಿ ಕೂರುವುದು ಅವನಿಗೆ ಸರಿಬರುತ್ತಿರಲಿಲ್ಲ. ಸಂದು ಕಿರಿದಾಗಿದ್ದ ಕಾರಣ ಅದರಿಂದ ಯಾವ ತೊಂದರೆಯೂ ಇರಲಿಲ್ಲ. ಹೀಗೆ ಹಲವು ವರ್ಷ ನಡೆಯಿತು.

ನನ್ನ ನಿವೃತ್ತಿ ಹತ್ತಿರ ಬಂದಿದ್ದ ಒಂದು ವರ್ಷ, ಪ್ರದರ್ಶನದ ದಿನವೇ ನನಗೆ ಮೂಡುಬಿದಿರೆಯಲ್ಲಿ ಪ್ರಾಯೋಗಿಕ ಪರೀಕ್ಷೆಯ ಪರೀಕ್ಷಕನ ಕೆಲಸ ಬಿತ್ತು. ಹಿಂದಿನ ದಿನವೂ ನಾನು ಅಲ್ಲಿಯೇ. ಹಾಗಾಗಿ ಇನ್ನು ಮುಂದೆ ಬರೆಯುವುದು ನಾನು ಕಂಡದ್ದಲ್ಲ. ಆ ವರ್ಷ ಅತಿಥಿ ಉಪನ್ಯಾಸಕಿಯಾಗಿದ್ದ ರಶ್ಮಿ ಮತ್ತು ದೇಜಪ್ಪ ಆಮೇಲೆ ಹೇಳಿದ್ದು, ಮತ್ತು ಆ ಹಿತ್ತಾಳೆ ಗುಂಡುಗಳು ಹೇಳಿದ್ದು.

ಹಿಂದಿನ ದಿನ ಮಧ್ಯಾಹ್ನ ತಾಲೀಮು. ಸಂಚಾಲಕರು ಸದ್ದು ಸಾಲದು ಎಂದರು. ಈ ವರ್ಷ ದೊಡ್ಡ ಅತಿಥಿ ಬರುವವರಿದ್ದರು. ಕೆಂಪು ಬಣ್ಣ ಬಳಿದ ನಟ್ಟನ್ನು ತಿರುಗಿಸಲು ದೇಜಪ್ಪ ಹಿಂದೆಮುಂದೆ ನೋಡಿದ. ಮಾಸ್ಟ್ರಿಗೆ ನಾನು ಹೇಳ್ತೇನೆ ಎಂದರು ಸಂಚಾಲಕರು. ಸಂದು ಅಗಲವಾಯಿತು, ಸದ್ದು ಹೆಚ್ಚಿತು. ಇದರಲ್ಲಿ ಅವರ ತಿಳಿವಳಿಕೆ ತಪ್ಪಲ್ಲ, ಅದೇ ದೌರ್ಭಾಗ್ಯ. ಸಂದು ಅಗಲವಾದಷ್ಟೂ ಕಿಡಿ ಹಾರುವ ಮೊದಲು ಬಾಟಲಿಗಳಲ್ಲಿ ಹೆಚ್ಚು ತುಂಬುತ್ತದೆ, ಒಂದೊಂದು ಏಟೂ ದೊಡ್ಡದಾಗುತ್ತದೆ. ಇನ್ನೂ ಸ್ವಲ್ಪ ಎಂದರು. ಟ್ರಾನ್ಸ್‌ಫಾರ್ಮರನ್ನು ಕಾಯಲು ನಾನು ಪಕ್ಕದಲ್ಲಿ ಒಂದು ಚಿಕ್ಕ ಕಾವಲು ಸಂದನ್ನು ಇಟ್ಟಿದ್ದೆ. ವೋಲ್ಟೇಜು ಮಿತಿಮೀರಿದರೆ ಕಿಡಿ ಅಲ್ಲಿ ಹಾರಿ ಎಚ್ಚರಿಸುತ್ತದೆ. ಅದು ಚಟ್ ಎಂದಿತು. ಇದೆಂತದ್ದು ನಡುವಿನಲ್ಲಿ ಎಂದು ಅದನ್ನೂ ಅಗಲ ಮಾಡಿಸಿದರು. ಕೂಗಿದ ಕಾವಲುಗಾರನ ಬಾಯಿ ಮುಚ್ಚಿಸಿದಂತಾಯಿತು. ಇಡೀ ಮಧ್ಯಾಹ್ನ ಓಡಿ ಬಿಸಿಯಾಗಿದ್ದ, ಮಸಿ ಹಿಡಿದು ಕುಳಿ ಬಿದ್ದಿದ್ದ ಗುಂಡುಗಳ ನಡುವೆ ಅಷ್ಟು ಅಗಲದ ಸಂದಿನಲ್ಲೂ ಕಿಡಿ ಹಾರಿತು. ಗರ್ನಾಲಿಗೇನೂ ಕಡಿಮೆಯಿಲ್ಲದ ಸದ್ದು. ಎಲ್ಲರಿಗೂ ಸಂತೋಷವಾಯಿತು.

ಬೆಳಿಗ್ಗೆ ದೇಜಪ್ಪ ಗುಂಡುಗಳನ್ನು ಹುಣಸೆಹುಳಿ ಹಾಕಿ ತಿಕ್ಕಿದ.

ಕಿಡಿಗೆ ಹಾರಲು ಒಂದು ಮೊನೆ ಬೇಕು. ಮಸಿ, ಕುಳಿ, ಸುಟ್ಟು ಎದ್ದ ಅಂಚು, ಇವು ಅದಕ್ಕೆ ಕಾಲೂರುವ ಜಾಗ. ನುಣ್ಣಗೆ ತಿಕ್ಕಿದ, ಬೆಳಗಿನ ಚಳಿಗೆ ತಣ್ಣಗಾದ ಗುಂಡಿನಿಂದ ಹಾರಬೇಕಾದರೆ ಬಹಳ ಹೆಚ್ಚು ವೋಲ್ಟೇಜು ಬೇಕು. ಅಷ್ಟನ್ನು ನಮ್ಮ ಟ್ರಾನ್ಸ್‌ಫಾರ್ಮರು ಕೊಡಲಾರದು. ಹಾಗೆಂದು ಅದು ಸುಮ್ಮನಿರುವುದೂ ಇಲ್ಲ. ತನ್ನಲ್ಲಿರುವಷ್ಟನ್ನೂ ಗುಂಡುಗಳ ಮೇಲಿಟ್ಟು ಕಾಯುತ್ತಿರುತ್ತದೆ. ಕಿಡಿಯಿಲ್ಲ, ಬೆಳಕಿಲ್ಲ, ಸದ್ದಿಲ್ಲ. ನಷ್ಟ ಎಂಬುದೇ ಇಲ್ಲದ ಸಂದು. ಶಕ್ತಿನಷ್ಟವನ್ನು ಕಡಿಮೆ ಮಾಡಲು ಆಯುಷ್ಯವೆಲ್ಲ ಹೆಣಗಿದ ನಾನು ಕೊನೆಗೆ ಕಂಡ ಪೂರ್ಣ ಸಿದ್ಧಿ ಅದು.

ಪ್ರತಿ ವರ್ಷ ದೀಪ ಬೆಳಗಿಸಿ ಉದ್ಘಾಟನೆ. ಈ ಸಲ ಹೊಸತನ ಬೇಕೆಂದು, ಅತಿಥಿಗಳು ವೇದಿಕೆಯಿಂದಲೇ ಸ್ವಿಚ್ಚು ಒತ್ತುವುದು, ಕಾಯಿಲ್ ಗುಡುಗುವುದು ಎಂದು ನಿಶ್ಚಯವಾಗಿತ್ತು. ಅದಕ್ಕಾಗಿ ನಮ್ಮ ಕಳಚುವ ವಯರನ್ನು ತೆಗೆದು ಉದ್ದದ ಬೇರೆ ವಯರು ಎಳೆದು, ಹೂವಿನ ಹರಿವಾಣದ ನಡುವೆ ಒಂದು ಸ್ವಿಚ್ಚು ಇಟ್ಟಿದ್ದರು. ಮೇಜಿನ ದೀಪಕ್ಕೆ ಇರುತ್ತದಲ್ಲ, ಅಂಥದ್ದು: ಒತ್ತಿದರೆ ಆನ್, ಮತ್ತೆ ಒತ್ತಿದರೆ ಆಫ್, ನೋಡಲು ಎರಡೂ ಒಂದೇ. ಪ್ಲಗ್ಗು ವೇದಿಕೆಯ ಹಿಂದಿನ ಗೋಡೆಯಲ್ಲಿ. ದೇಜಪ್ಪ ಕಾಯಿಲ್ ಪಕ್ಕದಲ್ಲಿ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು. ಅವನ ಕಿಸೆ ಖಾಲಿ.

ಅತಿಥಿಗಳು ಒತ್ತಿದರು. ಏನೂ ಆಗಲಿಲ್ಲ. ಇನ್ನೊಮ್ಮೆ ಒತ್ತಿದರು. ಫೋಟೋದವರು ನಗುನಗುತ್ತಾ ಮತ್ತೊಮ್ಮೆ ಒತ್ತಿಸಿದರು. ಸಭೆಯಲ್ಲಿ ಸಣ್ಣಗೆ ನಗು. ಸಂಚಾಲಕರು ಮೈಕಿನಲ್ಲೇ ಹೇಳಿದರು, “ದೇಜಪ್ಪ, ಸ್ವಲ್ಪ ನೋಡು ಮಾರಾಯ, ಎಲ್ಲಿಯೋ ಲೂಸ್ ಉಂಟು.”

ದೇಜಪ್ಪ ವೇದಿಕೆಯ ಕಡೆ ತಿರುಗಿ, ಆಫ್ ಉಂಟಾ ಎಂದು ಕೇಳಿದ. ಆಫ್, ಆಫ್ ಎಂದು ಯಾರೋ ಅಂದರು. ಯಾರೆಂದು ಈವರೆಗೆ ಯಾರಿಗೂ ನೆನಪಾಗಿಲ್ಲ. ಎಷ್ಟು ಸಲ ಒತ್ತಿದ್ದರೆಂದು ಲೆಕ್ಕ ಇಟ್ಟವರೂ ಇರಲಿಲ್ಲ. ಅವನು ಎಡಗೈಯನ್ನು ಬೆನ್ನ ಹಿಂದೆ ಇಟ್ಟ, ಬಗ್ಗಿ, ಬಲಗೈಯನ್ನು ಗುಂಡುಗಳ ಹತ್ತಿರ ತಂದ.

ಆಗ ಸದ್ದು ಬಂತು. ಮೇಲೆ ಮಿಂಚೂ ಬಂತು. ಸಭೆ ಚಪ್ಪಾಳೆ ತಟ್ಟಿತು. ರಶ್ಮಿ ಓಡಿಹೋಗಿ ಪ್ಲಗ್ ಕೀಳುವವರೆಗೂ ಚಪ್ಪಾಳೆ ನಿಂತಿರಲಿಲ್ಲ.

ಮೂಡುಬಿದಿರೆಯಲ್ಲಿ ನನ್ನ ಎದುರು ನಿಂತಿದ್ದ ವಿದ್ಯಾರ್ಥಿ ಓಮನ ನಿಯಮ ಹೇಳುತ್ತಿದ್ದ. ಫೋನು ಬಂತು. ಅವನು ನಿಯಮವನ್ನು ಪೂರ್ತಿ ಮಾಡುವವರೆಗೆ ನಾನು ಕೂತಿದ್ದೆ, ಯಾಕೆ ಕೂತೆನೋ ತಿಳಿಯದು. ಆಮೇಲೆ ಮಂಗಳೂರಿನ ಆಸ್ಪತ್ರೆಗೆ ಹೋದೆ.

ಎಡಗೈ ಹಿಂದಿದ್ದುದರಿಂದ ಕರೆಂಟು ಎದೆಗೆ ಹೋಗಲಿಲ್ಲ, ಬೆರಳುಗಳ ನಡುವೆಯೇ ದಾರಿ ಮಾಡಿಕೊಂಡಿತು ಎಂದರು ಡಾಕ್ಟರು. ಜೀವ ಉಳಿಯಿತು. ಹೆಬ್ಬೆರಳು, ತೋರುಬೆರಳು, ನಡುಬೆರಳು ಹೋದವು. ಉಳಿದೆರಡು ಬೆರಳು ಇದ್ದವು, ಮಡಚಲು ಬರುತ್ತಿರಲಿಲ್ಲ. ಆಸ್ಪತ್ರೆಯ ಖರ್ಚನ್ನೆಲ್ಲ ಸಂಚಾಲಕರು ತಮ್ಮ ಕೈಯಿಂದಲೇ ಕೊಟ್ಟರು, ದಿನಾ ಬಂದು ಮಂಚದ ಪಕ್ಕದಲ್ಲಿ ಕೂತು ಕಿತ್ತಳೆ ಸುಲಿದು ಕೊಟ್ಟರು. ಇದನ್ನು ಬರೆಯದಿದ್ದರೆ ಅನ್ಯಾಯವಾಗುತ್ತದೆ.

ಮಾತಾಡುವಷ್ಟು ಚೇತರಿಸಿಕೊಂಡ ದಿನ ದೇಜಪ್ಪ ಕೈಯನ್ನು ನೋಡುತ್ತಾ ಹೇಳಿದ.

“ಹೊತ್ತಿಸಿದ ಗರ್ನಾಲು ಹೊಟ್ಟದೆ ಇದ್ರೆ ಹತ್ತಿರ ಹೋಗಬಾರದು ಅಂತ ನನಗೆ ಸಣ್ಣದರಿಂದ ಗೊತ್ತುಂಟು ಮಾಸ್ಟ್ರೇ. ಬೇರೆಯವರನ್ನೂ ಹೋಗಲಿಕ್ಕೆ ಬಿಡುವವನಲ್ಲ ನಾನು. ಅವರು ಪ್ರತಿ ವರ್ಷ ಇದನ್ನು ಗರ್ನಾಲು, ಗರ್ನಾಲು ಅಂತ ಹೇಳ್ತಾ ಇದ್ರು. ನನಗೇ ತಲೆಗೆ ಹೋಗ್ಲಿಲ್ಲ ನೋಡಿ.”

ಆಮೇಲೆ ಕೇಳಿದ, “ಕೆಲಸ ಉಂಟಲ್ಲ?”

ಉಂಟು ಎಂದೆ. ಗೊತ್ತಿದ್ದು ಹೇಳಿದ್ದಲ್ಲ.

ಆಡಳಿತ ಮಂಡಳಿ ವಿಚಾರಣೆ ಇಟ್ಟಿತು. ಪ್ರಶ್ನೆ ಒಂದೇ: ಸ್ವಿಚ್ಚು ಆನ್ ಇರುವಾಗ ನೌಕರ ಕೈ ಹಾಕಿದ್ದು ಅಜಾಗರೂಕತೆಯೋ, ಅಲ್ಲವೋ. ಹೌದು ಎಂದಾದರೆ ನೌಕರಿ ಇಲ್ಲ. ವಿಚಾರಣೆಗೆ ಕೂತವರು ಸಂಚಾಲಕರು, ಸದಸ್ಯರಾದ ಒಬ್ಬರು ವಕೀಲರು, ಒಬ್ಬರು ನಿವೃತ್ತ ಮುಖ್ಯೋಪಾಧ್ಯಾಯರು. ನಾನು ವಿಷಯತಜ್ಞ. ಈ ಪದ ನನಗೆ ಸಿಕ್ಕಿದ್ದು ಅದೊಂದೇ ಸಲ. ಗುಂಡುಗಳನ್ನು, ಅವು ಇದ್ದ ಅಂತರದಲ್ಲೇ, ಹಲಗೆ ಸಮೇತ ತಂದು ಮೇಜಿನ ಮೇಲಿಟ್ಟೆ. ನೋಡಿ, ಒಂದೊಂದು ಗುಂಡಿನಲ್ಲೂ ಒಂದೇ ಜಾಗ ಸುಟ್ಟಿದೆ, ಉಳಿದದ್ದೆಲ್ಲ ಕನ್ನಡಿ ಎಂದೆ. ಆ ಬೆಳಿಗ್ಗೆ ಇಲ್ಲಿ ಕಿಡಿ ಹಾರಿದ್ದು ಅವನ ಕೈ ನಡುವೆ ಬಂದು ಸಂದನ್ನು ಕಿರಿದು ಮಾಡಿದ ಮೇಲೆ ಮಾತ್ರ. ಅದಕ್ಕೆ ಮೊದಲು ಒಮ್ಮೆಯೂ ಹಾರಿಲ್ಲ. ಸದ್ದು ಇರಲಿಲ್ಲ ಎಂದು ಅವನು ಹೇಳುವುದು ನಿಜ. ಇಷ್ಟು ಅಗಲಕ್ಕೆ ಇಟ್ಟರೆ ಹಾರುವುದೂ ಇಲ್ಲ. ಕೆಂಪು ಗುರುತು ಎಲ್ಲಿದೆ, ನಟ್ಟು ಎಲ್ಲಿದೆ, ನೀವೇ ನೋಡಿ.

ಮುಖ್ಯೋಪಾಧ್ಯಾಯರು ಕನ್ನಡಕ ತೆಗೆದು ಬಹಳ ಹೊತ್ತು ನೋಡಿದರು. “ಒಳ್ಳೆ ತಿಕ್ಕಿದ್ದಾನೆ,” ಎಂದರು.

ವಕೀಲರು ಬುದ್ಧಿವಂತರು. ಸದ್ದು ಇಲ್ಲದಿದ್ದರೂ ಕರೆಂಟು ಇರಬಹುದೆಂದು ಪ್ರಯೋಗಾಲಯದ ನೌಕರನಿಗೆ ಗೊತ್ತಿರಬೇಕಾದದ್ದು ಅಲ್ಲವೇ ಎಂದು ಕೇಳಿದರು. ಗೊತ್ತಿತ್ತು, ಅದಕ್ಕೇ ಅವನು ಕೇಳಿದ, ಆಫ್ ಎಂಬ ಉತ್ತರ ಬಂತು, ಒತ್ತಿದವರಿಗೂ ಗೊತ್ತಿರಬೇಕಿತ್ತು ಎಂದೆ.

“ಅತಿಥಿಗಳನ್ನು ಇದರಲ್ಲಿ ಎಳೆಯುವುದು ಬೇಡ ಮಾಸ್ಟ್ರೇ,” ಎಂದರು ಸಂಚಾಲಕರು. ಅವರ ದನಿಯಲ್ಲಿ ಕೋಪವಿರಲಿಲ್ಲ, ನಿಜವಾದ ಸಂಕಟವಿತ್ತು. ನಟ್ಟಿನ ಕಡೆ ಅವರು ನೋಡಲಿಲ್ಲ.

ರಶ್ಮಿಯನ್ನು ಕರೆಸಿದರು. ಆಫ್ ಎಂದು ಯಾರಾದರೂ ಹೇಳಿದ್ದನ್ನು ನೀವು ಕೇಳಿದ್ದೀರಾ? ನನ್ನಲ್ಲಿ ಎಲ್ಲವನ್ನೂ ವಿವರವಾಗಿ ಹೇಳಿದ್ದ ಆ ಹುಡುಗಿ, ಗಲಾಟೆಯಲ್ಲಿ ಸರಿಯಾಗಿ ಕೇಳಿಸಲಿಲ್ಲ ಎಂದಳು. ಅತಿಥಿ ಉಪನ್ಯಾಸಕರನ್ನು ನಮ್ಮಲ್ಲಿ ಪ್ರತಿ ಜೂನಿನಲ್ಲಿ ಹೊಸದಾಗಿ ನೇಮಿಸಿಕೊಳ್ಳುವುದು. ಆಮೇಲೆ ಅವಳು ಸ್ಟಾಫ್ ರೂಮಿಗೆ ಬಂದು ಏನೋ ಹೇಳಲು ನಿಂತಳು. ಪ್ಲಗ್ ಕಿತ್ತದ್ದು ನೀನಲ್ಲವೇ, ಸಾಕು, ಹೋಗು ಎಂದೆ. ಅಂದು ಆ ಸಭಾಂಗಣದಲ್ಲಿ ಮಾಡಬೇಕಾದದ್ದನ್ನು ಮಾಡಿದವಳು ಅವಳೊಬ್ಬಳೇ.

ತೀರ್ಮಾನ ಹೊರಬಿತ್ತು: ನೌಕರನ ಅಜಾಗರೂಕತೆ ಸ್ಪಷ್ಟ, ಆದರೆ ಮಾನವೀಯ ದೃಷ್ಟಿಯಿಂದ ಅವನನ್ನು ಪ್ರಯೋಗಾಲಯದಿಂದ ತೆಗೆದು, ಕಾಲೇಜಿನ ಗಂಟೆ ಹೊಡೆಯುವ ಕೆಲಸಕ್ಕೆ ಹಾಕಲಾಗಿದೆ. ಇದು ನನ್ನ ವಾದದ ಫಲವೋ, ಸಂಚಾಲಕರ ಸಂಕಟದ ಫಲವೋ ಹೇಳಲಾರೆ. ದೇಜಪ್ಪ ಆದೇಶವನ್ನು ಎಡಗೈಯಲ್ಲಿ ತೆಗೆದುಕೊಂಡು, ತಪ್ಪಾಯಿತು ಎಂದ. ಎಡಗೈ ಚಾಚಿದ್ದಕ್ಕೆ.

ಮರುವರ್ಷ ಹೊಸ ಕಾಯಿಲ್ ಬಂತು, ಪೆಟ್ಟಿಗೆಯಲ್ಲಿ, ಕೊಂಡದ್ದು. ಈಗಿನವುಗಳಲ್ಲಿ ಸಂದೇ ಇಲ್ಲ. ಕಿಡಿ ಮಾಡುತ್ತಿದ್ದ ಕೆಲಸವನ್ನು ಟ್ರಾನ್ಸಿಸ್ಟರುಗಳು ಮಾಡುತ್ತವೆ. ಹೇಳಿದಾಗ ಹೊತ್ತಿ, ಹೇಳಿದಾಗ ಆರುತ್ತವೆ. ಮೊಬೈಲಿಗೆ ಜೋಡಿಸಿದರೆ ಮಿಂಚೇ ಹಾಡುತ್ತದೆ. ಶಕ್ತಿನಷ್ಟ ಬಹಳ ಕಡಿಮೆ, ನಾನು ಅಳೆದು ನೋಡಿದ್ದೇನೆ, ಒಳ್ಳೆಯ ಯಂತ್ರ. ಅದರ ಪೆಟ್ಟಿಗೆಯೊಳಗೂ ಸಾಯಿಸುವಷ್ಟು ಕರೆಂಟು ಸದ್ದಿಲ್ಲದೆ ಕೂತಿರುತ್ತದೆ, ಪ್ಲಗ್ ತೆಗೆದ ಮೇಲೂ ಸ್ವಲ್ಪ ಹೊತ್ತು. ಹಾಗಾಗಿ ಸಂದು ಹೋದರೂ ನಿಯಮ ಹೋಗಿಲ್ಲ. ಕೈ ಹಾಕುವವನ ಕಿಸೆಯಲ್ಲಿ ಪ್ಲಗ್. ಉದ್ಘಾಟಕರ ಕೈಯಲ್ಲಿ ಅಲ್ಲ, ವೇದಿಕೆಯವರ ಬಾಯಲ್ಲಿ ಅಲ್ಲ. ಅತಿಥಿಗಳು ಕಾಯಲಿ. ಬೇಕಿದ್ದರೆ ದೀಪ ಹಚ್ಚಲಿ, ಎಣ್ಣೆ ನಾನು ತಂದುಕೊಡುತ್ತೇನೆ.

ನನ್ನ ಬೀಳ್ಕೊಡುಗೆಯ ದಿನ ಆ ಹೊಸ ಕಾಯಿಲ್ ಹಾಡಿತು. ಸಂಚಾಲಕರು ನನ್ನ ಸೇವೆಯನ್ನು ಕೊಂಡಾಡಿದರು. ಅವಧಿ ಮುಗಿದಾಗ ಹೊರಗೆ ಗಂಟೆ ಕೇಳಿಸಿತು. ಬಲಗೈಯಲ್ಲಿ ಹೊಡೆಯುವವರ ಗಂಟೆಗೂ ಎಡಗೈಯಲ್ಲಿ ಹೊಡೆಯುವವರ ಗಂಟೆಗೂ ವ್ಯತ್ಯಾಸ ಉಂಟು; ಏಟುಗಳ ನಡುವೆ ಒಂದು ಕ್ಷಣ ಹೆಚ್ಚು ಹಿಡಿಯುತ್ತದೆ. ಭಾಷಣದ ನಡುವೆ ಅದನ್ನು ಗಮನಿಸಿದ್ದು ಬಹುಶಃ ನಾನೊಬ್ಬನೇ.

ಮುಂದಿನ ಜೂನಿನಲ್ಲಿ ಕಾಲೇಜಿಗೆ ತನ್ನಷ್ಟಕ್ಕೇ ಹೊಡೆದುಕೊಳ್ಳುವ ಇಲೆಕ್ಟ್ರಿಕ್ ಬೆಲ್ ಹಾಕಿಸಿದರು. ದೇಜಪ್ಪನ ಹುದ್ದೆಯನ್ನು ರದ್ದು ಮಾಡಿದರು.